ರಾತ್ರಿಯ ಊಟಕ್ಕೆ ಸೂಪು ಮಾತ್ರ: ಹೊಟ್ಟೆ ತುಂಬುವಂತೆ ಮಾಡುವುದು ಹೇಗೆ?

ವಿದ್ಯಾನಗರ ನಿವಾಸಿ, ದಾವಣಗೆರೆ (ಪ್ರಶ್ನೆ)

ಸದಸ್ಯರೆಲ್ಲರಿಗೂ ನಮಸ್ಕಾರಗಳು. ನಮ್ಮದು ನಾಲ್ಕು ಜನರ ಸಸ್ಯಾಹಾರಿ ಕುಟುಂಬ. ಮಾವನವರಿಗೆ ಎಪ್ಪತ್ತು ದಾಟಿದೆ. ಹಲ್ಲುಗಳು ಸಡಿಲಾಗಿರುವುದರಿಂದ ರಾತ್ರಿ ಹೊತ್ತು ಜೋಳದ ರೊಟ್ಟಿ ಅಗಿಯುವುದು ಅವರಿಗೆ ಕಷ್ಟವಾಗುತ್ತಿದೆ, ರಕ್ತದೊತ್ತಡದ ಮಾತ್ರೆಯನ್ನೂ ತೆಗೆದುಕೊಳ್ಳುತ್ತಾರೆ. ಯಜಮಾನರು ಅಂಗಡಿ ಮುಚ್ಚಿ ಮನೆಗೆ ಬರುವಾಗ ಒಂಬತ್ತಾಗಿರುತ್ತದೆ. ನಾನೂ ಕೆಲಸದಿಂದ ದಣಿದು ಬಂದಿರುತ್ತೇನಾದ್ದರಿಂದ, ಅನ್ನ, ಸಾರು, ಪಲ್ಯ, ರೊಟ್ಟಿ ಎಂದು ನಾಲ್ಕು ಪಾತ್ರೆ ಇಡುವ ಬದಲು ವಾರದಲ್ಲಿ ಎರಡು ಮೂರು ರಾತ್ರಿಯಾದರೂ ಒಂದೇ ಪಾತ್ರೆಯ ಸೂಪಿನಲ್ಲಿ ಊಟ ಮುಗಿಸಬೇಕೆಂಬುದು ನನ್ನ ಆಲೋಚನೆ.

ಈಗ ನಾನು ಮಾಡುತ್ತಿರುವ ಕ್ರಮ ಹೀಗಿದೆ: ಕ್ಯಾರೆಟ್, ಬೀನ್ಸ್, ಎಲೆಕೋಸುಗಳನ್ನು ಸಣ್ಣಗೆ ಹೆಚ್ಚಿ ಬೇಯಿಸಿ, ಎರಡು ಚಮಚ ಕಾರ್ನ್‌ಫ್ಲೋರನ್ನು ನೀರಿನಲ್ಲಿ ಕದಡಿ ಸೇರಿಸಿ, ಮೆಣಸಿನ ಪುಡಿ ಉದುರಿಸುತ್ತೇನೆ. ನೋಡಲು ಹೋಟೆಲಿನ ಸೂಪಿನಂತೆಯೇ ಇರುತ್ತದೆ. ಆದರೆ ಹತ್ತೂವರೆಗೆ ಅಡುಗೆಮನೆಯಿಂದ ಮಂಡಕ್ಕಿ ಡಬ್ಬಿಯ ಮುಚ್ಚಳ ತೆಗೆಯುವ ಸದ್ದು ತಪ್ಪದೆ ಕೇಳಿಸುತ್ತದೆ.

ಸೂಪಿಗೆ ಏನನ್ನು ಸೇರಿಸಿದರೆ ಅದು ಊಟದ ಸ್ಥಾನದಲ್ಲಿ ನಿಲ್ಲುತ್ತದೆ? ಅಂಗಡಿಯ ಪ್ಯಾಕೆಟ್ ಪುಡಿ, ಮಸಾಲೆ ಕ್ಯೂಬುಗಳನ್ನು ಬಳಸದೆ ಅದಕ್ಕೆ ಗಾಢವಾದ ರುಚಿ ತರುವುದು ಹೇಗೆ? ಪೋಷಣೆಯ ದೃಷ್ಟಿಯಿಂದ ಒಂದು ಬಟ್ಟಲು ಸೂಪು ವಯಸ್ಸಾದವರಿಗೆ ಸಾಕಾಗುತ್ತದೆಯೇ? ಅನುಭವವುಳ್ಳವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಕೋಟೆನಾಡು ಅಡುಗೆ, ಚಿತ್ರದುರ್ಗ

ನೀವು ಬರೆದಿರುವ ಸೂಪಿನಲ್ಲಿ ನೀರು, ಒಂದಿಷ್ಟು ತರಕಾರಿ, ಎರಡು ಚಮಚ ಪಿಷ್ಟ, ಇಷ್ಟೇ ಇದೆ. ಅದನ್ನು ಕುಡಿದವರಿಗೆ ಹತ್ತೂವರೆಗೆ ಹಸಿವಾಗದಿದ್ದರೆ ಆಶ್ಚರ್ಯಪಡಬೇಕಾಗಿತ್ತು. ಕಾರ್ನ್‌ಫ್ಲೋರ್ ನೀರನ್ನು ಮಂದಗೊಳಿಸಿ ಬಾಯಿಗೆ ತುಂಬಿದಂತೆ ಮಾಡುತ್ತದೆಯೇ ಹೊರತು ಹೊಟ್ಟೆಗೆ ಹೆಚ್ಚೇನನ್ನೂ ಕೊಡುವುದಿಲ್ಲ.

ಊಟವಾಗಿಯೇ ಬೆಳೆದು ಬಂದ ಸೂಪುಗಳನ್ನು ಗಮನಿಸಿ. ಇಟಲಿಯ ಮಿನೆಸ್ಟ್ರೋನೆಯಲ್ಲಿ ತರಕಾರಿಯ ಜೊತೆಗೆ ಹುರುಳಿಕಾಯಿ ಜಾತಿಯ ಒಣಕಾಳುಗಳೂ ಪಾಸ್ತಾ ಅಥವಾ ಅಕ್ಕಿಯೂ ಇರುತ್ತವೆ. ಅದೇ ದೇಶದ ಟಸ್ಕನಿಯವರು ಹಳೆಯ ಬ್ರೆಡ್ಡನ್ನು ಕಾಳು ಮತ್ತು ಸೊಪ್ಪಿನ ಸೂಪಿಗೆ ಹಾಕಿ ಮತ್ತೆ ಕುದಿಸಿ ರಿಬೊಲ್ಲಿತಾ ಮಾಡುತ್ತಾರೆ. ರಂಜಾನ್ ಉಪವಾಸ ಬಿಡಲು ಮೊರಾಕೊದವರು ಮಾಡುವ ಹರೀರಾದಲ್ಲಿ ಕಡಲೆಕಾಳು, ಮಸೂರ್ ಬೇಳೆ, ಟೊಮೆಟೊ ಸೇರುತ್ತವೆ. ಪಶ್ಚಿಮ ಆಫ್ರಿಕಾದವರು ಶೇಂಗಾವನ್ನು ಅರೆದು ಹಾಕಿ ಸೂಪನ್ನು ಗಟ್ಟಿ ಮಾಡುತ್ತಾರೆ. ದಿನವಿಡೀ ಉಪವಾಸವಿದ್ದವರನ್ನೂ ಗೇಯ್ದು ಬಂದವರನ್ನೂ ಒಂದು ಬಟ್ಟಲಿನಲ್ಲಿ ತೃಪ್ತಿಪಡಿಸಬೇಕಾದಲ್ಲೆಲ್ಲ ಸೂಪಿನೊಳಗೆ ಕಾಳು, ಧಾನ್ಯ, ಒಂದಿಷ್ಟು ಜಿಡ್ಡು ಬಂದು ಕೂತಿವೆ. ನಮ್ಮ ಎರಡು ಜಿಲ್ಲೆಗಳಲ್ಲಿ ಈ ಮೂರಕ್ಕೂ ಬರವಿಲ್ಲ. ಹುರುಳಿ ಇದೆ, ಹೊಸದುರ್ಗದ ಕಡೆಯ ಸಾಮೆ ಇದೆ, ಚಳ್ಳಕೆರೆಯ ಎಣ್ಣೆ ಗಿರಣಿಗಳನ್ನು ಬೆಳೆಸಿದ ಶೇಂಗಾ ಇದೆ.

ನಾಲ್ವರಿಗೆ ನಾನು ಮಾಡುವ ಹುರುಳಿ ಸೂಪಿನ ಕ್ರಮವನ್ನು ಹೇಳುತ್ತೇನೆ. 200 ಗ್ರಾಂ ಹುರುಳಿಯನ್ನು ಕಲ್ಲು ಆರಿಸಿ ತೊಳೆದು ಹಿಂದಿನ ರಾತ್ರಿಯೇ ನೆನೆಸಿಡಬೇಕು. ಮರುದಿನ ಆ ನೀರು ಚೆಲ್ಲಿ, ಒಂದೂಕಾಲು ಲೀಟರ್ ಹೊಸ ನೀರು ಹಾಕಿ, ಕುಕ್ಕರಿನಲ್ಲಿ ಆರೇಳು ವಿಷಲ್ ಕೂಗಿಸಿ, ಆವಿ ತಾನಾಗಿ ಇಳಿಯುವವರೆಗೆ ಬಿಡಬೇಕು. ಬೆಂದ ನೀರು ನಮ್ಮ ಮನೆಗಳಲ್ಲಿ ಸಾರಿಗೆ ಬಸಿಯುವ ಕಟ್ಟೇ ಆಗಿರುವುದರಿಂದ ಅದರ ಒಂದು ಹನಿಯನ್ನೂ ಚೆಲ್ಲುವಂತಿಲ್ಲ. ಬೆಂದ ಕಾಳಿನಲ್ಲಿ ಅರ್ಧದಷ್ಟನ್ನು ಕಡಗೋಲಿನಿಂದ ಮಸೆಯಿರಿ, ಉಳಿದರ್ಧವನ್ನು ಇಡಿಯಾಗಿಯೇ ಇರಿಸಿ. ಮಸೆದ ಕಾಳೇ ಸೂಪನ್ನು ಗಟ್ಟಿ ಮಾಡುತ್ತದೆ, ಕಾರ್ನ್‌ಫ್ಲೋರ್ ಡಬ್ಬಿಗೆ ಕೈ ಹಾಕುವ ಅಗತ್ಯವೇ ಬೀಳುವುದಿಲ್ಲ.

ಇನ್ನು ರುಚಿಯ ವಿಷಯ. ಇದರಲ್ಲಿ ಅವಸರ ಮಾಡುವಂತಿಲ್ಲ. ನೀರು ಸೇರುವ ಮೊದಲು ಪಾತ್ರೆಯ ತಳದಲ್ಲಿ ಏನಾಗುತ್ತದೆಯೋ ಅದೇ ಸೂಪಿನ ರುಚಿ. ನೀರು ಹಾಕಿದ ಮೇಲೆ ಪಾತ್ರೆಯ ಶಾಖ 100 ಡಿಗ್ರಿಯನ್ನು ದಾಟುವುದಿಲ್ಲವಾದ್ದರಿಂದ ಕಂದು ಬಣ್ಣವಾಗಲಿ ಹುರಿದ ಘಮಲಾಗಲಿ ಆಮೇಲೆ ಹುಟ್ಟುವುದಿಲ್ಲ. ದಪ್ಪ ತಳದ ಪಾತ್ರೆಯಲ್ಲಿ ಎರಡು ದೊಡ್ಡ ಚಮಚ ಶೇಂಗಾ ಎಣ್ಣೆ ಕಾಯಿಸಿ, ಮೂರು ಈರುಳ್ಳಿಗಳನ್ನು ಹೆಚ್ಚಿ ಹಾಕಿ, ಚಿಟಿಕೆ ಉಪ್ಪಿನೊಂದಿಗೆ ಸಣ್ಣ ಉರಿಯಲ್ಲಿ ಹದಿನೈದು ನಿಮಿಷವಾದರೂ ಬಾಡಿಸಬೇಕು. ಉಪ್ಪು ಈರುಳ್ಳಿಯ ನೀರನ್ನು ಹೊರಗೆಳೆಯುತ್ತದೆ, ಆ ನೀರು ಇಂಗಿದ ಮೇಲೆ ಈರುಳ್ಳಿ ಹೊಂಬಣ್ಣಕ್ಕೆ ತಿರುಗಿ ಸಿಹಿಯಾಗುತ್ತದೆ. ತಳಕ್ಕೆ ಕಂದು ಪದರ ಹಿಡಿದರೆ ಹೆದರದೆ ಒಂದು ಸೌಟು ಕಟ್ಟು ಹಾಕಿ ಕೆರೆದುಬಿಡಿ. ಸೂಪಿನ ಬಣ್ಣವೂ ರುಚಿಯೂ ಇರುವುದು ಆ ಪದರದಲ್ಲಿ. ಬಳಿಕ ಹತ್ತು ಎಸಳು ಜಜ್ಜಿದ ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಅರ್ಧ ಚಮಚ ಕುಟ್ಟಿದ ಕಾಳುಮೆಣಸು. ಆಮೇಲೆ ಮೂರು ಹಣ್ಣಾದ ಟೊಮೆಟೊ ಹಾಕಿ, ಅವು ಕರಗಿ ಎಣ್ಣೆ ಬಿಡುವವರೆಗೆ ಬೇಯಿಸಿ. 1908ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನೆ ಇಕೆಡಾ ಕಡಲಕಳೆಯ ಸಾರಿನಿಂದ ಬೇರ್ಪಡಿಸಿದ ಗ್ಲುಟಮೇಟ್ ಹಣ್ಣಾದ ಟೊಮೆಟೊದಲ್ಲಿ ಸಹಜವಾಗಿಯೇ ಇದೆ. ಮಸಾಲೆ ಕ್ಯೂಬಿನಿಂದ ನಿರೀಕ್ಷಿಸುವ ರುಚಿಯ ಬಹುಪಾಲು ಅದರದ್ದೇ.

ಈಗ ಕಾಳು, ಕಟ್ಟು, ಹೆಚ್ಚಿದ ಕಾಲು ಕಿಲೋ ಸಿಹಿಗುಂಬಳ, ತೊಳೆದ 120 ಗ್ರಾಂ ಸಾಮೆ ಅಕ್ಕಿ, ಇನ್ನೂ ಮುಕ್ಕಾಲು ಲೀಟರ್ ಬಿಸಿನೀರು ಸೇರಿಸಿ ಇಪ್ಪತ್ತು ನಿಮಿಷ ಸಣ್ಣಗೆ ಕುದಿಸಿ. ಹುರಿದು ಸಿಪ್ಪೆ ತೆಗೆದ 60 ಗ್ರಾಂ ಶೇಂಗಾವನ್ನು ನುಣ್ಣಗೆ ರುಬ್ಬಿ ಕೊನೆಯ ಐದು ನಿಮಿಷದಲ್ಲಿ ಬೆರೆಸಿ, ಏಕೆಂದರೆ ಮೊದಲೇ ಹಾಕಿದರೆ ತಳ ಹಿಡಿಯುತ್ತದೆ. ಒಂದು ಹಿಡಿ ನುಗ್ಗೆ ಸೊಪ್ಪು ಅಥವಾ ಮೆಂತ್ಯ ಸೊಪ್ಪು ಹಾಕಿ, ಒಲೆ ಆರಿಸಿದ ಮೇಲೆ ನಿಂಬೆರಸ ಹಿಂಡಿ. ಬಡಿಸುವಾಗ ಬಟ್ಟಲಿಗೊಂದು ಸಣ್ಣ ಉಂಡೆ ಬೆಣ್ಣೆ ಬಿದ್ದರೆ ಅದರ ಗತ್ತೇ ಬೇರೆ, ಆದರೆ ದಾವಣಗೆರೆಯವರಿಗೆ ಬೆಣ್ಣೆಯ ಪಾಠವನ್ನು ದುರ್ಗದವರು ಹೇಳಬೇಕಾಗಿಲ್ಲ.

ಪೋಷಣೆಯ ಲೆಕ್ಕವೂ ಇಲ್ಲಿದೆ. ಹುರುಳಿಯ ನೂರು ಗ್ರಾಂನಲ್ಲಿ ಸುಮಾರು 22 ಗ್ರಾಂ, ಶೇಂಗಾದಲ್ಲಿ 25, ಸಾಮೆಯಲ್ಲಿ 10 ಗ್ರಾಂನಷ್ಟು ಪ್ರೋಟೀನ್ ಇರುತ್ತದೆ. ಮೇಲಿನ ಅಳತೆಯನ್ನು ನಾಲ್ವರಿಗೆ ಹಂಚಿದರೆ ತಲೆಗೆ 16ರಿಂದ 18 ಗ್ರಾಂ ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದೇಹತೂಕದ ಕಿಲೋಗೆ 0.83 ಗ್ರಾಂ ಬೇಕು. ಅರವತ್ತು ಕಿಲೋ ತೂಗುವವರಿಗೆ ದಿನಕ್ಕೆ 50 ಗ್ರಾಂ ಆಯಿತು. ಅದರ ಮೂರನೆಯ ಒಂದು ಭಾಗವನ್ನು ಈ ಬಟ್ಟಲು ಪೂರೈಸುತ್ತದೆ.

ಮಾವನವರ ಪಾಲನ್ನು ಮಾತ್ರ ಮಿಕ್ಸಿಯಲ್ಲಿ ತಿರುವಿ ನುಣ್ಣಗೆ ಮಾಡಬಹುದು. ಸೂಪು ಬೆಚ್ಚಗಾಗುವವರೆಗೆ ಕಾಯಿರಿ, ಕುದಿಯುವುದನ್ನು ಹಾಗೆಯೇ ಹಾಕಿದರೆ ಆವಿಯ ಒತ್ತಡಕ್ಕೆ ಮುಚ್ಚಳ ಹಾರುತ್ತದೆ.

ಹೊಳಲ್ಕೆರೆ ಸೀಮೆಯ ರೈತ

ಹುರುಳಿ ಬೇಯಿಸಿ, ಕಟ್ಟು ಬಸಿದು, ಬೆಳ್ಳುಳ್ಳಿ ಜೀರಿಗೆ ಹಾಕುವುದಾದರೆ ಅದನ್ನು ಸಾರು ಮಾಡಿ ಮುದ್ದೆಯ ಜೊತೆ ಉಣ್ಣುವುದಕ್ಕೆ ಏನು ಅಡ್ಡಿ? ಮುದ್ದೆಯನ್ನು ಅಗಿಯಬೇಕಾಗಿಯೂ ಇಲ್ಲ, ನುಂಗಿದರಾಯಿತು. ಹಲ್ಲಿಲ್ಲದ ಹಿರಿಯರಿಗೆ ನಮ್ಮ ಕಡೆ ತಲೆಮಾರುಗಳಿಂದ ಕೊಡುತ್ತಿರುವುದು ಅದನ್ನೇ. ಬಟ್ಟಲು ಚಮಚದ ವೈಭವ ಯಾಕೆ ಬೇಕೆಂದು ನನಗೆ ಅರ್ಥವಾಗಲಿಲ್ಲ.

ಪಿ.ಜೆ. ಬಡಾವಣೆ, ದಾವಣಗೆರೆ

ಹೊಳಲ್ಕೆರೆಯ ಹಿರಿಯರ ಮಾತನ್ನು ತಳ್ಳಿಹಾಕುವಂತಿಲ್ಲ. ಮುದ್ದೆ ತಿರುವಲು ತೋಳಿನಲ್ಲಿ ಶಕ್ತಿಯೂ ಉಣ್ಣುವವರು ಒಟ್ಟಿಗೆ ಕೂರುವ ಸಮಯವೂ ಇರುವ ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಊಟವಿಲ್ಲ. ಆದರೆ ಪ್ರಶ್ನೆ ಕೇಳಿದವರ ಮನೆಯಲ್ಲಿ ಒಬ್ಬರು ಎಂಟಕ್ಕೆ, ಇನ್ನೊಬ್ಬರು ಒಂಬತ್ತೂವರೆಗೆ ಉಣ್ಣುವಂತೆ ಕಾಣುತ್ತದೆ. ಆರಿದ ಮುದ್ದೆಯನ್ನು ಯಾರ ಮುಂದೆ ಇಡುವುದು? ಸೂಪನ್ನಾದರೆ ಮತ್ತೆ ಬಿಸಿ ಮಾಡಬಹುದು.

ಇದಕ್ಕಿಂತ ಮುಖ್ಯವಾದ ಇನ್ನೊಂದು ವ್ಯತ್ಯಾಸವಿದೆ. ಸಪ್ಪೆಯಾದ ಮುದ್ದೆಯ ಜೊತೆ ಬೆರೆತು ಹದವಾಗಬೇಕಾದ್ದರಿಂದ ನಮ್ಮ ಸಾರುಗಳ ಉಪ್ಪು, ಹುಳಿ, ಖಾರಗಳೆಲ್ಲ ಒಂದು ಕೈ ಮುಂದಿರುತ್ತವೆ. ಅದೇ ಸಾರನ್ನು ಬಟ್ಟಲು ತುಂಬ ಕುಡಿದರೆ ನಾಲಿಗೆ ಸುಡುತ್ತದೆ, ರಾತ್ರಿಯೆಲ್ಲ ಬಾಯಾರಿಕೆಯಾಗುತ್ತದೆ. ಸಾರಿನ ಪುಡಿಯನ್ನು ಹಾಗೆಯೇ ಸೂಪಿಗೆ ಸುರಿಯುವುದನ್ನು ಹಲವು ಮನೆಗಳಲ್ಲಿ ಕಂಡಿದ್ದೇನೆ, ಅದು ಸರಿಯಾದ ಕ್ರಮವಲ್ಲ. ಒಂಟಿಯಾಗಿ ನಿಲ್ಲಬೇಕಾದ ಸೂಪಿಗೆ ಖಾರವನ್ನು ಅರ್ಧಕ್ಕೆ ಇಳಿಸಿ, ಹುಣಸೆಹಣ್ಣನ್ನು ಬಿಟ್ಟು ಕೊನೆಯಲ್ಲಿ ನಿಂಬೆಯನ್ನಷ್ಟೇ ಹಿಂಡಬೇಕು.

ರಕ್ತದೊತ್ತಡದವರ ಮಟ್ಟಿಗೆ ಉಪ್ಪಿನ ಲೆಕ್ಕವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಬೇಕು. ಲೀಟರಿಗೆ 8 ಗ್ರಾಂ ಉಪ್ಪು ಹಾಕಿದ ಸೂಪು ನಾಲಿಗೆಗೆ ಹದವಾಗಿಯೇ ಇರುತ್ತದೆ. ಆದರೆ 450 ಮಿಲಿಲೀಟರಿನ ಒಂದು ಬಟ್ಟಲಿನಲ್ಲಿ 3.6 ಗ್ರಾಂ ಉಪ್ಪು ಹೊಟ್ಟೆಗೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವುದೇ 5 ಗ್ರಾಂಗಿಂತ ಕಡಿಮೆ. ಆದ್ದರಿಂದ ಕೊನೆಯ ಉಪ್ಪು ಹಾಕುವ ಮೊದಲೇ ಮಾವನವರ ಪಾಲನ್ನು ಬೇರೆ ತೆಗೆದಿಟ್ಟು, ಅದಕ್ಕೆ ನಿಂಬೆ, ಕಾಳುಮೆಣಸು, ಕೊತ್ತಂಬರಿಗಳನ್ನು ತುಸು ಹೆಚ್ಚಾಗಿ ಹಾಕಿ. ಎಷ್ಟು ಉಪ್ಪು ಸಲ್ಲುತ್ತದೆಂಬುದನ್ನು ಅವರ ವೈದ್ಯರಲ್ಲಿ ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ನಮ್ಮ ಜಿಲ್ಲೆಯ ಹೊಲಗಳಲ್ಲಿ ಎತ್ತ ನೋಡಿದರೂ ಮೆಕ್ಕೆಜೋಳವಿರುವಾಗ ಅದರ ಸೂಪಿನ ಬಗ್ಗೆ ಯಾರೂ ಬರೆಯದಿದ್ದರೆ ಹೇಗೆ? ಕೋಳಿಯ ಆಹಾರಕ್ಕೂ ಪಿಷ್ಟದ ಕಾರ್ಖಾನೆಗೂ ಹೋಗುವುದು ಬಲಿತು ಒಣಗಿದ ಕಾಳು. ಮಳೆಗಾಲದಲ್ಲಿ ಅದೇ ತೆನೆ ಎಳೆಯದಾಗಿ, ಉಗುರು ಊರಿದರೆ ಹಾಲು ಚಿಮ್ಮುವ ಹದದಲ್ಲಿ ಸಿಗುತ್ತದೆ. ನಾಲ್ಕೈದು ತೆನೆಗಳ ಕಾಳು ಬಿಡಿಸಿಕೊಂಡು, ಉಳಿದ ಬೆಂಡುಗಳನ್ನು ಬಿಸಾಡದೆ ಮುರಿದು, ಒಂದೂವರೆ ಲೀಟರ್ ನೀರಿನಲ್ಲಿ ಅರ್ಧ ಗಂಟೆ ಕುದಿಸಿ ಸೋಸಿಕೊಳ್ಳಿ. ಆ ನೀರಿಗೆ ಬರುವ ಸಿಹಿಯನ್ನು ಯಾವ ಪ್ಯಾಕೆಟ್ಟೂ ಕೊಡಲಾರದು. ಈರುಳ್ಳಿಯನ್ನು ಮೇಲೆ ಹೇಳಿರುವಂತೆಯೇ ಬಾಡಿಸಿ, ಹೆಸರುಬೇಳೆ 150 ಗ್ರಾಂ, ಒಂದು ಆಲೂಗಡ್ಡೆ, ಬಿಡಿಸಿದ ಕಾಳು ಹಾಕಿ ಬೇಯಿಸಿ, ಮೂರನೆಯ ಒಂದು ಭಾಗವನ್ನು ರುಬ್ಬಿ ಮತ್ತೆ ಬೆರೆಸಿ, ಅರ್ಧ ಲೋಟ ಹಾಲು ಸೇರಿಸಿ ಇಳಿಸಿ. ಹಾಲು ಹಾಕುವುದಾದರೆ ನಿಂಬೆ ಬೇಡ, ಒಡೆಯುತ್ತದೆ. ಮೆಕ್ಕೆಜೋಳದ ಪ್ರೋಟೀನಿನಲ್ಲಿ ದೇಹಕ್ಕೆ ಬೇಕೇಬೇಕಾದ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಬೇಳೆಗಳಲ್ಲಿ ಅದು ಧಾರಾಳ. ಹೆಸರುಬೇಳೆಯನ್ನು ಕೈಬಿಡಬೇಡಿ ಎಂದು ಹೇಳುವುದು ಇದೇ ಕಾರಣಕ್ಕೆ.

ವಿದ್ಯಾನಗರ ನಿವಾಸಿ, ದಾವಣಗೆರೆ

ಇಷ್ಟು ವಿವರವಾದ ಉತ್ತರಗಳಿಗೆ ಧನ್ಯವಾದಗಳು. ಹುರುಳಿ ಸೂಪನ್ನು ಮಾಡಿ ನೋಡಿದೆವು. ಈರುಳ್ಳಿ ಬಾಡಿಸುವ ಕ್ರಮದಿಂದ ರುಚಿಯಲ್ಲಿ ಬಂದ ಬದಲಾವಣೆಯನ್ನು ಯಜಮಾನರೂ ಗುರುತಿಸಿದರು, ಮಂಡಕ್ಕಿ ಡಬ್ಬಿ ಸುಮ್ಮನಿತ್ತು. ಆದರೆ ಎರಡು ತೊಡಕುಗಳು ಉಳಿದಿವೆ.

ನಮ್ಮದು ಬೋರ್‌ವೆಲ್ ನೀರು. ರಾತ್ರಿಯಿಡೀ ನೆನೆಸಿ ಹತ್ತು ವಿಷಲ್ ಕೂಗಿಸಿದರೂ ಹುರುಳಿಯ ಸಿಪ್ಪೆ ಗಟ್ಟಿಯಾಗಿಯೇ ಉಳಿಯಿತು. ಹೀಗಾಗಿ ಮಾವನವರ ಪಾಲನ್ನು ರುಬ್ಬಿದ ಮೇಲೆ ಸೋಸಬೇಕಾಯಿತು. ಸೋಡಾ ಹಾಕಿದರೆ ಬೇಗ ಬೇಯುತ್ತದೆಂದು ಅತ್ತೆಯವರು ಹೇಳುತ್ತಾರೆ, ಹಾಕಬಹುದೇ? ಎರಡನೆಯದಾಗಿ, ಬೆಳಿಗ್ಗೆಯೇ ಮಾಡಿಟ್ಟು ರಾತ್ರಿ ಬಿಸಿ ಮಾಡಿಕೊಳ್ಳಲು ಸಾಧ್ಯವೇ?

ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕ, ಹರಿಹರ

ಮೊದಲ ತೊಡಕಿಗೆ ಉತ್ತರಿಸುತ್ತೇನೆ. ತಪ್ಪು ನಿಮ್ಮ ಹುರುಳಿಯದಾಗಿರಲಾರದು, ನೀರಿನದು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಿರುತ್ತವೆ. ಕಾಳಿನ ಜೀವಕೋಶಗಳನ್ನು ಪರಸ್ಪರ ಹಿಡಿದಿಟ್ಟಿರುವ ಪೆಕ್ಟಿನ್ ಎಂಬ ವಸ್ತುವಿನ ಎಳೆಗಳನ್ನು ಈ ಲವಣಗಳು ಒಂದಕ್ಕೊಂದು ಬಿಗಿದು ಕಟ್ಟುತ್ತವೆ. ಪೆಕ್ಟಿನ್ ಕರಗದೆ ಕಾಳು ಮೆತ್ತಗಾಗುವುದಿಲ್ಲ, ಎಷ್ಟು ವಿಷಲ್ ಕೂಗಿಸಿದರೂ ಸಿಪ್ಪೆ ರಬ್ಬರಿನಂತೆಯೇ ಉಳಿಯುತ್ತದೆ. ಕೆಟಲಿನ ಒಳಗೆ, ಬಚ್ಚಲ ಗೀಸರಿನಲ್ಲಿ ಬಿಳಿಯ ಪೊರೆ ಕಟ್ಟುತ್ತಿದ್ದರೆ ನೀರು ಗಡಸಾಗಿದೆಯೆಂದು ತಿಳಿಯಿರಿ.

ಫಿಲ್ಟರಿನ ಆರ್.ಒ. ನೀರು ಇದ್ದರೆ ನೆನೆಸಲು ಮತ್ತು ಬೇಯಿಸಲು ಎರಡಕ್ಕೂ ಅದನ್ನೇ ಬಳಸಿ. ಇಲ್ಲದಿದ್ದರೆ ಬೋರ್‌ವೆಲ್ ನೀರನ್ನು ಒಮ್ಮೆ ಚೆನ್ನಾಗಿ ಕುದಿಸಿ, ಆರಿಸಿ, ಕೆಳಗೆ ನಿಂತ ಬಿಳಿಯ ಗಸಿಯನ್ನು ಬಿಟ್ಟು ಮೇಲಿನ ತಿಳಿಯನ್ನು ತೆಗೆದುಕೊಳ್ಳಿ. ಬೈಕಾರ್ಬನೇಟಿನಿಂದ ಬಂದ ಗಡಸುತನ ಕುದಿಸುವುದರಿಂದ ಕಡಿಮೆಯಾಗುತ್ತದೆ, ಸಲ್ಫೇಟಿನದು ಹೋಗುವುದಿಲ್ಲ. ಇನ್ನೊಂದು ಉಪಾಯ, ನೆನೆಸುವ ನೀರಿಗೇ ಉಪ್ಪು ಹಾಕುವುದು. ಲೀಟರಿಗೆ 15 ಗ್ರಾಂ, ಅಂದರೆ ಸುಮಾರು ಒಂದು ದೊಡ್ಡ ಚಮಚ. ಉಪ್ಪಿನ ಸೋಡಿಯಂ ಸಿಪ್ಪೆಯಲ್ಲಿರುವ ಕ್ಯಾಲ್ಸಿಯಂನ ಸ್ಥಾನವನ್ನು ಆಕ್ರಮಿಸಿ ಆ ಬಿಗಿತವನ್ನು ಸಡಿಲಿಸುತ್ತದೆ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲವೆಂಬ ಮಾತು ಅಡುಗೆಮನೆಗಳಲ್ಲಿ ಬೇರೂರಿದೆಯಾದರೂ ನೆನೆಸುವ ಹಂತದಲ್ಲಿ ಉಪ್ಪು ಸಹಾಯವನ್ನೇ ಮಾಡುತ್ತದೆ. ಆ ನೀರನ್ನು ಚೆಲ್ಲಿ ಕಾಳನ್ನು ಚೆನ್ನಾಗಿ ತೊಳೆಯಿರಿ. ಸ್ವಲ್ಪ ಉಪ್ಪು ಕಾಳಿನೊಳಗೆ ಉಳಿಯುವುದರಿಂದ ಮಾವನವರಿಗಾಗಿ ಆರ್.ಒ. ನೀರಿನ ದಾರಿಯೇ ಮೇಲು.

ಸೋಡಾದ ಬಗ್ಗೆ ನಿಮ್ಮ ಅತ್ತೆಯವರು ಹೇಳಿದ್ದರಲ್ಲಿ ಹುರುಳಿದೆ. ಕ್ಷಾರದಲ್ಲಿ ಪೆಕ್ಟಿನ್ ಬೇಗ ಕರಗುತ್ತದೆ. ಆದರೆ ಕಾಳಿನ ಥಯಾಮಿನ್ ಜೀವಸತ್ವ ಕ್ಷಾರದಲ್ಲಿ ನಾಶವಾಗುತ್ತದೆ, ಹೆಚ್ಚಾದರೆ ಸಾಬೂನಿನ ವಾಸನೆಯೂ ಬರುತ್ತದೆ, ಜೊತೆಗೆ ಸೋಡಿಯಂ ಸೇರುತ್ತದೆ. ಬೇರೆ ದಾರಿಯೇ ಇಲ್ಲದಾಗ ಚಿಟಿಕೆಯಷ್ಟಕ್ಕೆ ನಿಲ್ಲಿಸಿ. ಟೊಮೆಟೊ, ಹುಣಸೆ, ನಿಂಬೆಗಳು ಇದಕ್ಕೆ ವಿರುದ್ಧವಾಗಿ ಕಾಳನ್ನು ಬಿಗಿಗೊಳಿಸುತ್ತವೆ. ಆದ್ದರಿಂದ ಕಾಳು ಪೂರ್ತಿ ಬೆಂದ ಮೇಲೆಯೇ ಅವುಗಳ ಸರದಿ ಬರಬೇಕು.

ಇನ್ನೊಂದು ಎಚ್ಚರಿಕೆ. ಹುರುಳಿಯ ಬದಲು ರಾಜ್ಮಾ ಬಳಸುವುದಾದರೆ ನೆನೆಸಿದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಭರದಿಂದ ಕುದಿಸಲೇಬೇಕು. ಅರೆಬೆಂದ ರಾಜ್ಮಾದಲ್ಲಿರುವ ಲೆಕ್ಟಿನ್ ವಾಂತಿ ಭೇದಿ ತರಿಸುತ್ತದೆ. ಕುಕ್ಕರಿನಲ್ಲಿ ಪೂರ್ತಿ ಬೇಯಿಸಿದರೆ ಭಯವಿಲ್ಲ. ನಿಧಾನವಾಗಿ ಬೇಯಿಸುವ ವಿದ್ಯುತ್ ಪಾತ್ರೆಗಳಲ್ಲಿ ಹಸಿ ರಾಜ್ಮಾವನ್ನು ನೇರವಾಗಿ ಹಾಕಬಾರದು.

ಹಿರಿಯೂರು ವಾಸಿ

ಪ್ರಶ್ನೆ ಕೇಳಿದವರು ಸಸ್ಯಾಹಾರಿಗಳು, ಕ್ಷಮಿಸಬೇಕು. ಇದನ್ನು ಓದುವ ಇತರರಿಗಾಗಿ ಒಂದು ಮಾತು. ನಮ್ಮಲ್ಲಿ ಕುರಿಯ ಕಾಲು ಸೂಪನ್ನು ನೆಗಡಿ ಬಂದವರಿಗೆ ಕುಡಿಸುವ ಕಷಾಯವೆಂದು ಮಾತ್ರ ನೋಡುತ್ತಾರೆ. ಸುಟ್ಟು ಕೆರೆದು ತುಂಡರಿಸಿದ ಕಾಲುಗಳನ್ನು ಸಣ್ಣ ಉರಿಯಲ್ಲಿ ಮೂರು ನಾಲ್ಕು ಗಂಟೆ, ಅಥವಾ ಕುಕ್ಕರಿನಲ್ಲಿ ಒಂದು ಗಂಟೆ ಬೇಯಿಸಿದರೆ ನರ ಮತ್ತು ಚರ್ಮದ ಕೊಲಾಜೆನ್ ಜೆಲಟಿನ್ ಆಗಿ ಕರಗಿ, ತಣ್ಣಗಾದಾಗ ಸೂಪು ಹೆಪ್ಪುಗಟ್ಟುತ್ತದೆ. ಜೆಲಟಿನ್ನಿನಲ್ಲಿ ಟ್ರಿಪ್ಟೊಫಾನ್ ಎಂಬ ಅಗತ್ಯ ಅಮೈನೋ ಆಮ್ಲ ಇಲ್ಲದಿರುವುದರಿಂದ ಅದೊಂದೇ ಪೂರ್ಣ ಪ್ರೋಟೀನ್ ಆಗುವುದಿಲ್ಲ. ಅದೇ ಸೂಪಿಗೆ ಒಂದು ಹಿಡಿ ತೊಗರಿಬೇಳೆ, ಒಂದು ಹಿಡಿ ನವಣೆ ಅಕ್ಕಿ ಹಾಕಿ ಮತ್ತೆ ಬೇಯಿಸಿದರೆ ಅದು ಪೂರ್ತಿ ಊಟವಾಗುತ್ತದೆ.

ಕೋಟೆನಾಡು ಅಡುಗೆ, ಚಿತ್ರದುರ್ಗ

ಎರಡನೆಯ ತೊಡಕಿನ ಬಗ್ಗೆ ಹೇಳುವುದು ಉಳಿದಿತ್ತು. ಬೆಳಿಗ್ಗೆ ಮಾಡಿಡಬಹುದು, ಆದರೆ ಒಲೆಯ ಮೇಲೆಯೇ ಸಂಜೆಯವರೆಗೆ ಬಿಡಬಾರದು. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಅಡುಗೆಮನೆಗಳ ಸೆಕೆಗೆ ಬೇಳೆಯ ಸೂಪು ಸಂಜೆಯೊಳಗೆ ಹಳಸುತ್ತದೆ. ಅಕ್ಕಿ, ಸಾಮೆಯಂಥ ಬೆಂದ ಧಾನ್ಯಗಳಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದ ಮೇಲೂ ಬದುಕಿರುತ್ತವೆ. ಬೆಚ್ಚಗಿನ ಸೂಪಿನಲ್ಲಿ ಅವು ಬೆಳೆದು ಬಿಡುವ ಒಂದು ಬಗೆಯ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಇಳಿಸಿದ ಕೂಡಲೇ ಅಗಲವಾದ ತಟ್ಟೆ ಅಥವಾ ಬೋಗುಣಿಗಳಿಗೆ ತೆಳ್ಳಗೆ ಹರಡಿ, ಆ ಬೋಗುಣಿಯನ್ನು ತಣ್ಣೀರಿನ ಬೇಸಿನ್ನಿನಲ್ಲಿಟ್ಟು ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ.

ಬೆಳಿಗ್ಗೆ ಹೊರಡುವ ಅವಸರದಲ್ಲಿ ಇಷ್ಟೆಲ್ಲ ಆಗದೆನಿಸಿದರೆ ನಾನು ಮಾಡುವಂತೆ ಕೆಲಸವನ್ನು ಒಡೆದುಕೊಳ್ಳಿ. ರಜೆಯ ದಿನ ಆರೆಂಟು ಈರುಳ್ಳಿಗಳನ್ನು ಒಟ್ಟಿಗೆ ಬಾಡಿಸಿ, ಟೊಮೆಟೊ ಸೇರಿಸಿ ಗಟ್ಟಿಯಾಗಿ ಬೇಯಿಸಿ, ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ದಿನಕ್ಕೆ ಚಿಂತೆಯಿಲ್ಲ. ಬೇಯಿಸಿದ ಹುರುಳಿಯನ್ನು ಕಟ್ಟಿನ ಸಮೇತ ಒಂದು ಊಟಕ್ಕಾಗುವಷ್ಟು ಡಬ್ಬಿಗಳಿಗೆ ತುಂಬಿ ಫ್ರೀಜರಿನಲ್ಲಿಡಿ. ಸಂಜೆ ಬಂದವರು ಎರಡನ್ನೂ ಪಾತ್ರೆಗೆ ಹಾಕಿ ಬಿಸಿನೀರು ಸೇರಿಸಿ ಕುದಿ ಬರಿಸಿ, ಸಾಮೆಯನ್ನು ಆಗಲೇ ಹಾಕಿದರೆ ಇಪ್ಪತ್ತು ನಿಮಿಷದಲ್ಲಿ ಊಟ ಸಿದ್ಧ. ಸಾಮೆಯನ್ನು ಮೊದಲೇ ಬೇಯಿಸಿ ಸೂಪಿನಲ್ಲಿಟ್ಟರೆ ಅದು ನೀರನ್ನೆಲ್ಲ ಹೀರಿಕೊಂಡು ರಾತ್ರಿಯ ವೇಳೆಗೆ ಪೊಂಗಲ್ಲಿನಂತಾಗಿರುತ್ತದೆ. ಹಾಗಾದರೆ ಒಂದೆರಡು ಲೋಟ ಬಿಸಿನೀರು ಹೊಯ್ದು ಸಡಿಲಿಸಿ. ಉಪ್ಪನ್ನು ಮಾತ್ರ ಆ ನೀರು ಬೆರೆತ ಮೇಲೆಯೇ ನೋಡಿ, ನಿಂಬೆಯನ್ನು ಬಡಿಸುವ ಹೊತ್ತಿಗೆ ಹಿಂಡಿ.